ಬೀಗರ ಬೆಕ್ಕು, ಬೇರೆ ತಾಟು

ರೇಣುಕಾ: ಅಮ್ಮಾರ, ಬೆಕ್ಕು ನನ್ನ ತಾಟಿನ್ಯಾಗ ಹಾಲು ಕುಡ್ಯಾಕತ್ತೈತಿ!

ಗುರುಬಸಮ್ಮ: ಕುಡೀಲಿ ಬಿಡು. ನಾನೇ ಹಾಕೀನಿ.

ರೇಣುಕಾ: ಕೆನಿ ಬ್ಯಾರೆ ಹಾಕೀರಿ. ಹನ್ನೊಂದು ವರ್ಷದಾಗ ಆ ತಾಟು ಒಂದಿನಾನೂ ಕೆನಿ ಕಂಡಿಲ್ರಿ.

ಗುರುಬಸಮ್ಮ: ಅದಕ್ಕ ಆರಾಮಿಲ್ಲಲೇ. ಬೆಳಿಗ್ಗಿ ಡಾಕ್ಟ್ರು ಫೋನಿನ್ಯಾಗ ಹೇಳ್ಯಾರ, ಬ್ಯಾರೆ ಇಡ್ರಿ, ಎಲ್ಲಾ ಬ್ಯಾರೆ ಇಡ್ರಿ ಅಂತ.

ರೇಣುಕಾ: ಇಡ್ರಿ, ಯಾರು ಬ್ಯಾಡ ಅಂದ್ರು? ಬ್ಯಾರೆ ತಾಟು ಇಡ್ರಿ. ನನ್ನದು ಯಾಕ ಇಟ್ರಿ?

ಗುರುಬಸಮ್ಮ: ಬ್ಯಾರೆ ತಾಟು ಅಂದ್ರ ಈ ಮನ್ಯಾಗ ಅದೊಂದೇ ಅಲ್ಲೇನು ಇರೋದು?

ಇಷ್ಟು ನೇರವಾದ ಉತ್ತರ ಬರುತ್ತದೆಂದು ರೇಣುಕಾ ಎಣಿಸಿರಲಿಲ್ಲ. ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಸೆರಗು ಸಿಕ್ಕಿಸಿದರೆ ಒಂದೋ ಬಚ್ಚಲು ತಿಕ್ಕುತ್ತಾಳೆ, ಇಲ್ಲಾ ಜಗಳ ಕಾಯುತ್ತಾಳೆ. ಬಚ್ಚಲನ್ನು ಬೆಳಿಗ್ಗೆಯೇ ತಿಕ್ಕಿಯಾಗಿತ್ತು.

ಬಳ್ಳಾರಿಯಲ್ಲಿ ಕೋಟೆ ಗುಡ್ಡದ ಬಿಸಿ ನೇರ ಮುಖಕ್ಕೆ ಬಡಿಯುವ ಬೀದಿ ಅದು. ಗುರುಬಸಮ್ಮನ ಮನೆಯ ಹಿತ್ತಲಲ್ಲಿ ನಳ, ನಳದ ಪಕ್ಕದ ಗೋಡೆಯಲ್ಲೊಂದು ಗೂಡು. ಗೂಡಿನಲ್ಲಿ ಒಂದು ತಾಟು, ಒಂದು ಲೋಟ. ರೇಣುಕಾ ಬಂದು ಹನ್ನೊಂದು ವರ್ಷವಾಯಿತು. ದಿನಾ ಕೆಲಸ ಮುಗಿದ ಮೇಲೆ ಗುರುಬಸಮ್ಮ ಅಡಿಗೆಮನೆಯ ಹೊಸ್ತಿಲ ಒಳಗೆ ನಿಂತು, ಹೊರಗೆ ಕೂತ ಅವಳ ಲೋಟಕ್ಕೆ ಮೇಲಿನಿಂದ ಚಹಾ ಸುರಿಯುತ್ತಾಳೆ, ಪಾತ್ರೆಗೆ ಲೋಟ ತಾಗದ ಹಾಗೆ. ಒಂದು ಹನಿಯೂ ಆಚೀಚೆ ಹೋಗುವುದಿಲ್ಲ. ಹನ್ನೊಂದು ವರ್ಷದ ಕೈಚಳಕ. ಸುರಿದ ಮೇಲೆ ಹೇಳುವ ಮಾತೂ ಹನ್ನೊಂದು ವರ್ಷದಿಂದ ಒಂದೇ: "ಕುಡದ ಮ್ಯಾಲೆ ತೊಳದು ಗೂಡಿನ್ಯಾಗ ಬೋರಲ ಹಾಕು."

ಆ ತಾಟಿನಲ್ಲಿ ಈಗ ಬ್ಯೂಟಿ ಮೂತಿ ಇಟ್ಟಿದ್ದಾಳೆ. ಬ್ಯೂಟಿ ಬೆಳ್ಳಗಿನ ಪರ್ಷಿಯನ್ ಬೆಕ್ಕು. ಸಿರುಗುಪ್ಪದ ಬೀಗರು, ಅಕ್ಕಿ ಗಿರಣಿಯವರು, ಎರಡು ತಿಂಗಳ ಹಿಂದೆ ಏಸಿ ಕಾರಿನಲ್ಲಿ ಕೂರಿಸಿ ಕಳಿಸಿದ್ದು. ಬಂದ ದಿನದಿಂದ ಬೆಳ್ಳಿ ಬಟ್ಟಲಲ್ಲೇ ಊಟ. ಈಗ ಹದಿನೈದು ದಿನದಿಂದ ಮೈಮೇಲೆ ದುಂಡಗೆ ರೊಟ್ಟಿ ಕತ್ತರಿಸಿ ತೆಗೆದ ಹಾಗೆ ಕೂದಲು ಉದುರುತ್ತಿದೆ. ಎಡಗಿವಿಯ ಮೇಲೊಂದು, ಬೆನ್ನ ಮೇಲೆ ಎರಡು, ಬಾಲದ ಬುಡದಲ್ಲೊಂದು. ಗಜಕರ್ಣ. ಹೆಸರಿಗೆ ಮಾತ್ರ ಬ್ಯೂಟಿ.

ರೇಣುಕಾ: ಅಲ್ರಿ, ಅದರ ಬೆಳ್ಳಿ ಬಟ್ಟಲ ಏನಾತು? ಅದರಾಗ ಹಾಕ್ರಿ.

ಗುರುಬಸಮ್ಮ: ಬೆಳ್ಳಿಗೆ ರೋಗ ಹತ್ತಿದ್ರ?

ರೇಣುಕಾ: ಸ್ಟೀಲಿಗೆ ಹತ್ತಿದ್ರ ನಡೀತೈತಿ?

ಗುರುಬಸಮ್ಮ: ನಿನಗ ಇನ್ನೊಂದು ತಾಟು ಕೊಡ್ತೀನಿ ಮಾರಾಯ್ತಿ. ಅಟ್ಟದ ಮ್ಯಾಲೆ ತೂತು ಬಿದ್ದಿದ್ದೊಂದು ಐತಿ, ಬೆಸಿಗಿ ಹಾಕಿಸಿದ್ರ ಆತು.

ರೇಣುಕಾ: ಬೆಕ್ಕಿಗೆ ಎಷ್ಟು ದಿನ ಬ್ಯಾರೆ ತಾಟು ಅಂದಾರ ಡಾಕ್ಟ್ರು?

ಗುರುಬಸಮ್ಮ: ಆರು ವಾರ.

ರೇಣುಕಾ: ಆರು ವಾರ ಆದ ಮ್ಯಾಲೆ?

ಗುರುಬಸಮ್ಮ: ಆರಾಮಾದ ಮ್ಯಾಲೆ ಮತ್ತ ಬೆಳ್ಳಿ ಬಟ್ಟಲ. ಬೀಗರ ಬೆಕ್ಕಲ್ಲೇನು?

ರೇಣುಕಾ: ಹಂಗಾರ ನಂದು ಇನ್ನೂ ಎಷ್ಟು ವಾರ ಬಾಕಿ ಐತಿ ಅಂತ ಅದೇ ಡಾಕ್ಟ್ರನ್ನ ಒಂದು ಮಾತು ಕೇಳಿಬಿಡ್ರಿ.

ಅಷ್ಟರಲ್ಲಿ ಪಡಸಾಲೆಯಿಂದ ವಿರೂಪಾಕ್ಷಪ್ಪ ಕೈಯಲ್ಲಿ ನಾಲ್ಕು ಹಾಳೆ ಹಿಡಿದುಕೊಂಡು ಬಂದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಬಲಿತ ಹುಣಸೆಕಾಯಿಯಂಥ ದಪ್ಪ ಮೀಸೆ. ನಾಳೆ ಕುರುಗೋಡಿನಲ್ಲಿ ಅವರದು ಭಾಷಣ, ವಿಷಯ ಸಮಾನತೆ. ಕುರುಗೋಡು ಗುರುಬಸಮ್ಮನ ತವರೂರು ಬೇರೆ. ಹೀಗಾಗಿ ಮೂರು ದಿನದಿಂದ ಮನೆಯಲ್ಲಿ ತಾಲೀಮು ನಡೆದಿತ್ತು. 'ಮನುಷ್ಯ ಮನುಷ್ಯರ ನಡುವೆ ಈ ಗೋಡೆ ಯಾಕೆ ಬಂಧುಗಳೇ' ಎಂಬ ಸಾಲನ್ನು ರೇಣುಕಾ ಗೋಡೆಯ ಆಚೆಯಿಂದ ಎಷ್ಟು ಸಲ ಕೇಳಿದ್ದಳೆಂದರೆ, ಪಾತ್ರೆ ತಿಕ್ಕುವಾಗ ಅದೇ ಲಯಕ್ಕೆ ಕೈ ಓಡುತ್ತಿತ್ತು.

ವಿರೂಪಾಕ್ಷಪ್ಪ: ಏನದು ಗದ್ದಲ? ಗೋಡೆ ತನಕಾ ಬಂದಿದ್ದೆ, ಮುಂದಿಂದು ಮರೆತು ಹೋತು.

ರೇಣುಕಾ: ನೀವೇ ನ್ಯಾಯ ಹೇಳ್ರಿ ಸಾರ. ಬೆಕ್ಕಿಗೆ ನನ್ನ ತಾಟು ಹಾಕ್ಯಾರ.

ವಿರೂಪಾಕ್ಷಪ್ಪ: ನೋಡು ರೇಣುಕಾ, ಇದನ್ನ ನೀನು ತಪ್ಪು ತಿಳಕೋಬಾರದು. ಅಂಟುರೋಗ ಅಂದ್ರ ಪ್ರತ್ಯೇಕ ಇಡಬೇಕು. ಇದರಾಗ ಮ್ಯಾಲು ಕೀಳು ಅಂತಿಲ್ಲ. ಇದು ವೈಜ್ಞಾನಿಕ.

ರೇಣುಕಾ: ಬೆಕ್ಕಿಂದು ವೈಜ್ಞಾನಿಕ. ನಂದು?

ವಿರೂಪಾಕ್ಷಪ್ಪ: ನಿಂದು... ನಿಂದು ಏನಂದ್ರ... ಅದು ಪದ್ಧತಿ.

ರೇಣುಕಾ: ಅಂದ್ರ ನನಗ ರೋಗ ಇಲ್ಲ.

ವಿರೂಪಾಕ್ಷಪ್ಪ: ಛೇ ಛೇ, ಯಾರಂದ್ರು?

ರೇಣುಕಾ: ರೋಗ ಇದ್ದಿದ್ರ ಚಲೋ ಇತ್ತು ನೋಡ್ರಿ ಸಾರ. ಆರು ವಾರಕ್ಕ ವಾಸಿ ಆಗ್ತಿತ್ತು.

ವಿರೂಪಾಕ್ಷಪ್ಪ ಹಾಳೆಗಳನ್ನು ತಿರುವಿ ಹಾಕಿದರು. ಇದಕ್ಕೆ ಉತ್ತರ ನಾಲ್ಕನೆಯ ಪುಟದಲ್ಲೂ ಇರಲಿಲ್ಲ. ಅದೇ ಹೊತ್ತಿಗೆ ಅಡಿಗೆಮನೆಯೊಳಗೆ ಏನೋ ಧಡ್ ಎಂದು ಬಿತ್ತು. ಹಿಂದೆಯೇ ಬೊಗಳು.

ಗುರುಬಸಮ್ಮ: ಅದೇನ್ರಿ ಅಡಿಗಿಮನ್ಯಾಗ ನಾಯಿ?!

ವಿರೂಪಾಕ್ಷಪ್ಪ: ನಾನೇ ಬಿಟ್ಟೀನಿ. ಕರಿಯಾ, ಬಿಳಿಯಾ, ಟಾಮಿ, ಮೂರೂ ಒಳಗದಾವ.

ಗುರುಬಸಮ್ಮ: ಎರಡು ಬೆಕ್ಕು, ಒಂದು ನಾಯಿ! ನನ್ನ ಅಡಿಗಿಮನ್ಯಾಗ!

ವಿರೂಪಾಕ್ಷಪ್ಪ: ಆರಾಮಿದ್ದೋರನ್ನ ಬ್ಯೂಟಿ ಓಡಾಡದ ಕೋಣ್ಯಾಗ ಇಡ್ರಿ ಅಂದಾರ ಡಾಕ್ಟ್ರು. ಬ್ಯೂಟಿ ಸೋಫಾ ಬಿಟ್ಟಿಲ್ಲ, ಹಾಸಿಗಿ ಬಿಟ್ಟಿಲ್ಲ, ನನ್ನ ಎದಿ ಬಿಟ್ಟಿಲ್ಲ. ಸಾರಿನ್ಯಾಗ ಕೂದಲು ಬೀಳ್ತೈತಿ ಅಂತ ನೀನೇ ಅಡಿಗಿಮನಿಗೆ ಮಾತ್ರ ಬಿಟ್ಟಿದ್ದಿಲ್ಲ. ಮತ್ತ ಎಲ್ಲಿಡ್ಲಿ?

ರೇಣುಕಾ ಮುಚ್ಚಿದ ಬಾಗಿಲನ್ನು ನೋಡಿದಳು. ನಿನ್ನೆಯವರೆಗೆ ಆ ಅಡಿಗೆಮನೆಗೆ ಬರಬಾರದೆಂದು ಹೆಸರು ಹಿಡಿದು ಹೇಳಿಸಿಕೊಂಡವರು ಈ ಮನೆಯಲ್ಲಿ ಇಬ್ಬರು: ಬ್ಯೂಟಿ ಕೂದಲಿನ ಕಾರಣಕ್ಕೆ, ರೇಣುಕಾ ಪದ್ಧತಿಯ ಕಾರಣಕ್ಕೆ. ಟಾಮಿಗೆ ಕೂದಲೂ ಇತ್ತು, ಚಿಗಟವೂ ಇತ್ತು, ಆದರೂ ಒಳಗೆ ಹೋದ.

ರೇಣುಕಾ: ಟಾಮಿ ಹೋದ ನೋಡ್ರಿ. ಅದೃಷ್ಟ ಮಾಡ್ಯಾನ.

ಗುರುಬಸಮ್ಮ: ನಿನ್ನ ನಾಲಿಗಿ ಬಹಳಾತು. ಮೊದಲ ಇದು ಹೇಳು, ಈ ರೋಗ ಮನಿಗೆ ಎಲ್ಲಿಂದ ಬಂತು?

ರೇಣುಕಾ: ಬೆಕ್ಕಿಗೆ ಬಂದೈತಿ. ಬೆಕ್ಕನ್ನ ಕೇಳ್ರಿ.

ಗುರುಬಸಮ್ಮ: ಬೀಗರ ಬೆಕ್ಕಿಗೆ ರೋಗ ಇರಾಕ ಸಾಧ್ಯ ಐತೇನು? ಅವರ ಮನ್ಯಾಗ ಬೆಕ್ಕಿಗೂ ಏಸಿ. ವಾರಕ್ಕೊಮ್ಮೆ ಶಾಂಪೂ. ನಾವಂತೂ ದಿನಾ ಎರಡು ಹೊತ್ತು ಜಳಕ ಮಾಡೋರು. ಹೊರಗಿಂದ ಮನಿಗೆ ಬರೋರು ಯಾರು? ಹಾಲಿನವ ಬಾಗಲದಾಗ ಇಟ್ಟು ಹೋಗ್ತಾನ. ಪೇಪರಿನವ ಒಗದು ಹೋಗ್ತಾನ. ಉಳಿದೋರು ಯಾರು?

ಉಳಿದವಳು ನಳದ ಪಕ್ಕ ನಿಂತಿದ್ದಳು. ಈ ಮಾತು ಇಲ್ಲಿಗೆ ಬಂದೇ ಬರುತ್ತದೆಂದು ಅವಳಿಗೆ ಕೆನೆ ನೋಡಿದಾಗಲೇ ವಾಸನೆ ಹೊಡೆದಿತ್ತು. ಮನೆಯಲ್ಲಿ ಉಂಗುರ ಕಳೆದರೂ ಹೀಗೆಯೇ, ಹಾಲು ಒಡೆದರೂ ಹೀಗೆಯೇ. ಲೆಕ್ಕ ಎಲ್ಲಿಂದ ಶುರುವಾದರೂ ಕೊನೆಗೆ ಹಿತ್ತಲಿಗೇ ಬಂದು ನಿಲ್ಲುತ್ತದೆ.

ರೇಣುಕಾ: ಅಮ್ಮಾರ, ಆ ಬೆಕ್ಕು ಬಂದ ದಿನ ನೀವು ನನಗ ಏನು ಹೇಳಿದ್ರಿ? ನೆನಪೈತಿ?

ಗುರುಬಸಮ್ಮ: ಏನು ಹೇಳಿದ್ನಿ?

ರೇಣುಕಾ: 'ಬೀಗರ ಬೆಕ್ಕೈತಿ, ಮುಟ್ಟಬ್ಯಾಡ' ಅಂದ್ರಿ. ನಾನು ಇವತ್ತಿನ ತನಕಾ ಬೆಟ್ಟು ತಾಗಿಸಿಲ್ಲ. ಸೋಫಾ ಮ್ಯಾಲೆ ಕೂಡಬ್ಯಾಡ ಅಂದ್ರಿ, ಕೂತಿಲ್ಲ. ಹಾಸಿಗಿ ನೀವೇ ಹಾಸ್ತೀರಿ. ಮುಟ್ಟದ ಬೆಕ್ಕಿಗೆ ನಾನು ಹೆಂಗ ರೋಗ ಹತ್ತಿಸ್ಲಿ?

ಗುರುಬಸಮ್ಮ: ಗಾಳಿ ಇಲ್ಲೇನು?

ರೇಣುಕಾ: ಗಾಳಿ?

ಗುರುಬಸಮ್ಮ: ನಿಮ್ಮ ಓಣಿ ಗಾಳಿ. ನಿನ್ನ ಸೀರಿಗೆ ಹತ್ತಿಕೊಂಡು ಬರ್ತೈತಿ.

ರೇಣುಕಾ: ನಮ್ಮ ಓಣ್ಯಾಗ ಮೂವತ್ತು ಬೆಕ್ಕದಾವ್ರಿ. ಎಲ್ಲಾ ಮೈತುಂಬ ಕೂದಲು ಇಟಗೊಂಡು ಹಂಚಿನ ಮ್ಯಾಲೆ ಮೆರದಾಡ್ತಾವ. ಅವಕ್ಕ ನಮ್ಮ ಓಣಿ ಗಾಳಿ ಹತ್ತಂಗಿಲ್ಲೇನು?

ಗುರುಬಸಮ್ಮ: ರೂಢಿ ಆಗಿರ್ತೈತಿ ಅವಕ್ಕ. ನೋಡು, ನನಗ ಸುಮ್ನ ಮಾತು ಬ್ಯಾಡ. ಮೂರು ಗಂಟಿಗೆ ಡಾಕ್ಟ್ರು ಬರ್ತಾರ. ಭಾನುವಾರ ಬೀಗರು ಬೆಕ್ಕು ನೋಡಾಕ ಬರ್ತಾರ, ಅಷ್ಟರಾಗ ನನಗ ಒಂದು ತೀರ್ಮಾನ ಆಗಬೇಕು. ನಿನ್ನಿಂದ ಅಂತ ಆತೋ, ನಾಳಿಯಿಂದ ಈ ಹೊಸ್ತಿಲ ತುಳೀಬ್ಯಾಡ. ಎದುರುಮನಿ ದಾಕ್ಷಾಯಣಿಗೂ ಹೇಳೀನಿ, ಬ್ಯಾಂಕಿನವರ ಮನಿಗೂ ಹೇಳೀನಿ. ಅವರೂ ಡಾಕ್ಟ್ರ ಮಾತಿಗೇ ಕಾಯಾಕತ್ಯಾರ.

ರೇಣುಕಾ: ಅಡಿಗಿಮನಿ ಹೊಸ್ತಿಲ ನಾನು ಈಗ್ಲೂ ತುಳದಿಲ್ಲ ಬಿಡ್ರಿ.

ನಾಲಿಗೆ ಹಾಗೆ ಹೇಳಿತು. ತಲೆ ಮಾತ್ರ ಮನೆಗಳನ್ನು ಎಣಿಸತೊಡಗಿತು. ಈ ಬೀದಿಯಲ್ಲಿ ಅವಳಿಗೆ ಕೆಲಸಕ್ಕಿರುವುದು ಮೂರೇ ಮನೆ, ಮೂರೂ ಮನೆಯಲ್ಲಿ ನಡೆಯುವ ಮಾತು ಗುರುಬಸಮ್ಮನದು. ಇಲ್ಲಿ ಹೋದರೆ ಮೂರೂ ಹೋದ ಹಾಗೆ. 'ರೋಗ ಹಚ್ಚುವವಳು' ಅಂತ ಹೆಸರು ಬಿದ್ದರೆ ಮುಂದಿನ ಬೀದಿಯಲ್ಲೂ ಬಾಗಿಲು ತೆರೆಯುವುದಿಲ್ಲ. ಮತ್ತೆ ಜೀನ್ಸ್ ತೊಳೆಯುವ ಘಟಕಕ್ಕೆ ಹೋಗಬೇಕು, ಸೊಂಟದ ತನಕ ನೀಲಿ ನೀರಲ್ಲಿ ನಿಲ್ಲಬೇಕು. ಆ ಕೆಲಸ ಬಿಟ್ಟು ವರ್ಷಗಟ್ಟಲೆಯಾದರೂ ಉಗುರಿನ ನೀಲಿ ಹೋಗಲು ಎಷ್ಟು ದಿನ ಹಿಡಿದಿತ್ತೆಂದು ಅವಳಿಗೆ ಚೆನ್ನಾಗಿ ನೆನಪಿದೆ.

ಗುರುಬಸಮ್ಮ: ಡಾಕ್ಟ್ರು ಬರೋದ್ರಾಗ ಅದಕ್ಕೊಂದಿಷ್ಟು ಮುಲಾಮು ಹಚ್ಚು.

ರೇಣುಕಾ: ಯಾರು?

ಗುರುಬಸಮ್ಮ: ನೀನು.

ರೇಣುಕಾ: ಯಾರಿಗೆ?

ಗುರುಬಸಮ್ಮ: ಬೆಕ್ಕಿಗೆ.

ರೇಣುಕಾ: ಆರಾಮಿದ್ದಾಗ ಮುಟ್ಟಬ್ಯಾಡ. ರೋಗ ಬಂದ ಮ್ಯಾಲೆ ಮುಟ್ಟು. ನನ್ನಿಂದ ರೋಗ ಬಂತು ಅಂತನೂ ನೀವೇ ಅಂತೀರಿ, ಮುಲಾಮು ನಾನೇ ಹಚ್ಚಬೇಕು ಅಂತನೂ ನೀವೇ ಅಂತೀರಿ.

ವಿರೂಪಾಕ್ಷಪ್ಪ: ಸೇವಾ ಮನೋಭಾವ ಅಂತ ಒಂದು ಇರ್ತೈತಿ ರೇಣುಕಾ...

ರೇಣುಕಾ: ಅದು ಎಷ್ಟನೇ ಪುಟದಾಗ ಐತ್ರಿ ಸಾರ?

ಕೊನೆಗೆ ಎರಡೂ ಕೈಗೆ ಕ್ಯಾರಿಬ್ಯಾಗ್ ಕಟ್ಟಿಕೊಂಡು ಅವಳು ಬೆಕ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮನುಷ್ಯರ ಜೊತೆ ಅವಳದು ಕನ್ನಡ; ಎಮ್ಮೆ, ಕೋಳಿ, ಬೆಕ್ಕುಗಳ ಜೊತೆ ತೆಲುಗು. "ಏಮಮ್ಮಾ ಮಹಾತಲ್ಲೀ, ದಾ," ಎಂದು ಕರೆದಳು. ಬೆಳ್ಳಿ ಬಟ್ಟಲಿನಿಂದ ಗೂಡಿನ ತಾಟಿಗೆ ಇಳಿದಿದ್ದ ಮಹಾತಾಯಿ ಕಿವಿ ಮಡಚಿ ಕೂತುಬಿಟ್ಟಿತು. ಹಚ್ಚಿಸಿಕೊಂಡಿತು. ಬೇರೆ ತಾಟಿನ ಹನ್ನೊಂದು ವರ್ಷದ ಅನುಭವ ಇದ್ದವಳಿಗೂ ಒಂದೇ ದಿನದ ಅನುಭವದವಳಿಗೂ ನಡುವೆ ಜಗಳವೇನೂ ಆಗಲಿಲ್ಲ.

ಮೂರು ಗಂಟೆಗೆ ಡಾಕ್ಟರ್ ಗಂಗೋತ್ರಿ ಸ್ಕೂಟರಿನಲ್ಲಿ ಬಂದಳು. ಸಣ್ಣ ವಯಸ್ಸು, ಚುರುಕು ಮಾತು, ಹೆಗಲಿಗೆ ಚೀಲ. ಮನೆಯ ಮಗಳಂಥ ಹುಡುಗಿ ಎಂದು ಗುರುಬಸಮ್ಮ ಮಾತು ಆರಂಭಿಸುವ ಮೊದಲೇ ಅವಳು ಕಿಟಕಿ ಮುಚ್ಚಲು ಹೇಳಿದಳು.

ಗುರುಬಸಮ್ಮ: ಈ ಬಿಸಿಲಾಗ ಕಿಟಕಿ ಮುಚ್ಚಿದ್ರ ಬೆಂದು ಹೋಗ್ತೀವಲ್ಲವ್ವಾ!

ಗಂಗೋತ್ರಿ: ಐದು ನಿಮಿಷ ಅಮ್ಮಾ. ಫ್ಯಾನೂ ಬಂದ್ ಮಾಡ್ರಿ, ಕೂದಲು ಹಾರ್ತಾವ. ಈ ದೀಪಕ್ಕ ಕತ್ತಲಿ ಬೇಕು. ಗಜಕರ್ಣ ಅಂದ್ರ ಒಂಥರ ಬೂಷ್ಟು. ನಮ್ಮಲ್ಲಿ ಬೆಕ್ಕಿಗೆ ಬರೋ ಬೂಷ್ಟು ಕೂದಲಾಗ ಇದ್ರ, ಈ ನೇರಳಿ ಬೆಳಕಿಗೆ ಹಸಿರು ಹೊಳೀತೈತಿ. ಹಸಿರು, ನೆನಪಿಡ್ರಿ.

ಕತ್ತಲಾಯಿತು. ಬೆವರಿನ ವಾಸನೆ, ಮುಲಾಮಿನ ವಾಸನೆ. ಅಡಿಗೆಮನೆಯಿಂದ ಟಾಮಿಯ ಕುಂಯ್‌ಗುಟ್ಟುವಿಕೆ. ಡಾಕ್ಟರು ದೀಪ ಹಚ್ಚಿ ಬ್ಯೂಟಿಯ ಮೇಲೆ ಹಿಡಿದಳು. ಕಿವಿ ಹೊಳೆಯಿತು, ಬೆನ್ನು ಹೊಳೆಯಿತು, ಬಾಲದ ಬುಡ ಹೊಳೆಯಿತು. ಎಳೆ ಸೇಬಿನ ಹಸಿರು. ದೀಪಾವಳಿ ಅಂಗಡಿಯ ಮುಂದೆ ಕೂತಂತಿತ್ತು ಬೆಕ್ಕು.

ಗುರುಬಸಮ್ಮ: ಅಯ್ಯೋ ದ್ಯಾವ್ರೇ! ಈಗ ಇವಳನ್ನ ನೋಡ್ರಿ ಡಾಕ್ಟ್ರ. ಇವಳ ಕೈ ನೋಡ್ರಿ.

ಗಂಗೋತ್ರಿ: ಇವರೂ ಬೆಕ್ಕು ಎತಗೋತಾರೇನು?

ಗುರುಬಸಮ್ಮ: ನೀವು ಮೊದಲ ನೋಡ್ರಿ!

ರೇಣುಕಾ ಕೈ ಚಾಚಿದಳು. ದೀಪ ಬಿತ್ತು. ಅಂಗೈ, ಬೆರಳ ಸಂದಿ, ಮಣಿಕಟ್ಟು ಎಲ್ಲ ಬೆಳ್ಳಗೆ ಹೊಳೆದವು. ಅವಳಿಗೆ ತನ್ನ ಕೈ ತನ್ನದೇ ಅನ್ನಿಸಲಿಲ್ಲ.

ಗುರುಬಸಮ್ಮ: ಹೊಳಿತು! ಹೊಳಿತು! ನಾನು ಹೇಳಿದ್ನಿಲ್ಲ? ಎಲ್ಲೈತಿ ನನ್ನ ಫೋನು... ದಾಕ್ಷಾಯಣೀ, ದಾಕ್ಷಾಯಣೀ, ಸ್ಪೀಕರಿಗೆ ಹಾಕೀನಿ ಕೇಳು. ಹೊಳಿತವ್ವಾ, ಕೈ ಹೊಳಿತು!

ಗಂಗೋತ್ರಿ: ಅಮ್ಮಾ, ನಾನೇನಂದೆ? ಹಸಿರು ಅಂದೆ. ಇದು ಬಿಳಿ-ನೀಲಿ. ಅಕ್ಕಾರ, ನೀವು ಈಗ ಏನು ಮಾಡ್ತಿದ್ರಿ?

ರೇಣುಕಾ: ಬಟ್ಟಿ ಒಗ್ಯಾಕತ್ತಿದ್ನ್ರಿ. ಇವರ ಬಟ್ಟಿ.

ಗಂಗೋತ್ರಿ: ಅದೇ. ಸೋಪಿನ ಪುಡಿ ಈ ಬೆಳಕಿಗೆ ಹಿಂಗ ಹೊಳೀತೈತಿ. ತಲಿ ಬಗ್ಗಿಸ್ರಿ... ತೋಳು... ಏನೂ ಇಲ್ಲ. ಗಾಯನೂ ಇಲ್ಲ, ಕಲಿನೂ ಇಲ್ಲ. ಇವರು ಸ್ವಚ್ಛ ಅದಾರ.

ಗುರುಬಸಮ್ಮ: ಇನ್ನೊಂದು ಸರ್ತಿ ನೋಡ್ರಿ. ದೀಪ ಹತ್ರ ಹಿಡೀರಿ.

ಗಂಗೋತ್ರಿ: ಹತ್ರ ಹಿಡದ್ರ ರೋಗ ಹುಟ್ಟಂಗಿಲ್ಲಮ್ಮಾ.

ಹೀಗೆಂದು ಡಾಕ್ಟರು ದೀಪವನ್ನು ತಿರುಗಿಸುವಾಗ ಅದರ ಬೆಳಕು ಸೋಫಾದ ಕಡೆ ಸರಿಯಿತು. ಅಲ್ಲಿ ಕತ್ತಲಲ್ಲಿ ಒಂದು ಹಸಿರು ಮೀಸೆ ಕೂತಿತ್ತು. ಮುಖ ಕಾಣುತ್ತಿರಲಿಲ್ಲ. ಮೀಸೆಯ ಎಡಭಾಗ ಮಾತ್ರ.

ಗಂಗೋತ್ರಿ: ಸರ್, ಅಳ್ಳಾಡಬ್ಯಾಡ್ರಿ.

ವಿರೂಪಾಕ್ಷಪ್ಪ: ಯಾಕ? ಹಲ್ಲಿ ಐತೇನು?

ರೇಣುಕಾ: ಮೀಸಿ ಹೊಳ್ಯಾಕತ್ತೈತ್ರಿ ಸಾರ.

ವಿರೂಪಾಕ್ಷಪ್ಪ: ಎಣ್ಣಿ ಹಚ್ಚೀನಿ.

ಗಂಗೋತ್ರಿ: ಎಣ್ಣಿಗೆ ಈ ಹಸಿರು ಬರಂಗಿಲ್ಲ ಸರ್. ಬೆಕ್ಕಿಗೆ ಮುತ್ತು ಕೊಡ್ತೀರೇನು?

ನಲವತ್ತು ವರ್ಷದ ಸಂಸಾರದಲ್ಲಿ ಗುರುಬಸಮ್ಮ ಇಂಥದೊಂದು ಪ್ರಶ್ನೆ ಕೇಳಿರಲಿಲ್ಲ.

ಗುರುಬಸಮ್ಮ: ಏನ್ರೀ? ಮುತ್ತು ಕೊಡ್ತೀರಿ?

ವಿರೂಪಾಕ್ಷಪ್ಪ: ಅದೇ ಬಂದು ಮುಖ ತಿಕ್ಕತೈತಿ. ನಾನೇನು ಮಾಡ್ಲಿ?

ಗಂಗೋತ್ರಿ: ಅಮ್ಮಾ, ನಿಮ್ಮ ಕೈ ಕೊಡ್ರಿ. ಬಳಿ ಮ್ಯಾಲೆ ಸರಿಸ್ರಿ. ಈ ದುಂಡನ ಕಲಿ ಎಷ್ಟು ದಿನದ್ದು?

ಗುರುಬಸಮ್ಮ: ಅದು ಬಳಿ ಕಡತ. ಉಷ್ಣಕ್ಕ.

ಗಂಗೋತ್ರಿ: ಉಷ್ಣಕ್ಕ ಇಷ್ಟು ಚಂದ ದುಂಡಗ ಆಗಂಗಿಲ್ಲ. ಇಬ್ಬರೂ ಚರ್ಮದ ಡಾಕ್ಟ್ರ ಹತ್ರ ಹೋಗ್ರಿ. ನಾನು ಪ್ರಾಣಿಗಳ ಡಾಕ್ಟ್ರು, ಸರ್ ಅವರ ಮೀಸಿಗೆ ನಾನು ಚೀಟಿ ಬರಿಯಂಗಿಲ್ಲ. ಆ ಸೋಫಾ ಮ್ಯಾಲೆ ಏನದು, ಶಾಲು?

ಸಭೆಗಳಲ್ಲಿ ವಿರೂಪಾಕ್ಷಪ್ಪನವರಿಗೆ ಹೊದಿಸಿದ ಸನ್ಮಾನದ ಶಾಲುಗಳು. ಬೀರು ತುಂಬಿದ ಮೇಲೆ ಉಳಿದದ್ದು ಬ್ಯೂಟಿಯ ಹಾಸಿಗೆಯಾಗಿತ್ತು. ನಾಳೆಗೆ ಹೊದ್ದುಕೊಂಡು ಹೋಗಲು ಎಲ್ಲಕ್ಕಿಂತ ಮೇಲಿನದನ್ನು ಝಾಡಿಸಿ ಇಟ್ಟಿದ್ದರು. ದೀಪ ಬಿದ್ದಾಗ ಅದರ ಜರಿಗಿಂತ ಬೆಕ್ಕಿನ ಕೂದಲೇ ಹೆಚ್ಚು ಮಿಂಚಿತು.

ಗುರುಬಸಮ್ಮ: ಹಂಗಾರ... ಹಂಗಾರ ಇದು ಎಲ್ಲಿಂದ ಬಂತು ಡಾಕ್ಟ್ರ?

ಗಂಗೋತ್ರಿ: ಬೆಕ್ಕು ಮನಿಗೆ ಬಂದು ಎಷ್ಟು ದಿನ ಆತು?

ಗುರುಬಸಮ್ಮ: ಎರಡು ತಿಂಗಳ.

ಗಂಗೋತ್ರಿ: ಉದ್ದ ಕೂದಲಿನ ಬೆಕ್ಕಿನ್ಯಾಗ ಇದು ಎಷ್ಟೋ ದಿನ ಕಾಣದಂಗ ಇರ್ತೈತಿ. ಬರೋವಾಗ್ಲೇ ತಂದಿರಬೇಕು.

ಗುರುಬಸಮ್ಮ: ಇದು ಬೀಗರ ಬೆಕ್ಕ್ರೀ!

ಗಂಗೋತ್ರಿ: ಬೂಷ್ಟಿಗೆ ಬೀಗರು ಯಾರು ಅಂತ ಗೊತ್ತಾಗಂಗಿಲ್ಲಮ್ಮಾ. ಅವರೂ ಬರ್ತಾರಂದ್ರಿ, ಭಾನುವಾರ? ನನಗ ಫೋನ್ ಮಾಡ್ರಿ, ದೀಪ ತರ್ತೀನಿ. ಅವರ ಮನ್ಯಾಗೂ ಯಾರದಾದ್ರೂ ಮೀಸಿ ಹೊಳ್ಯಾಕತ್ತಿರಬಹುದು.

ಗುರುಬಸಮ್ಮ ಸೋಫಾದ ಮೇಲೆ ಕೂತಳು, ನೆನಪಾಗಿ ಎದ್ದಳು. ಆಗ ಅವಳ ಕೈಯಲ್ಲಿದ್ದ ಫೋನು ಮಾತಾಡಿತು. ಅದನ್ನು ಆರಿಸಲು ಯಾರಿಗೂ ನೆನಪಿರಲಿಲ್ಲ.

ದಾಕ್ಷಾಯಣಿಯ ದನಿ: ಗುರುಬಸಕ್ಕ, ಎಲ್ಲಾ ಕೇಳಿಸ್ತು. ತಪ್ಪು ತಿಳಕೋಬ್ಯಾಡ್ರಿ, ಒಂದು ಆರು ವಾರ ನೀವು ನಮ್ಮ ಮನಿ ಕಡಿ ಬರಾದು ಬ್ಯಾಡ. ಅಣ್ಣಾವರಿಗೂ ಹೇಳ್ರಿ. ಬ್ಯಾಂಕಿನವರಿಗೆ ನಾನೇ ಹೇಳ್ತೀನಿ. ರೇಣುಕಾ, ಅಲ್ಲೇ ಅದೀ ಏನು? ನಾಳಿ ಒಂಚೂರು ಜಲ್ದಿ ಬಾರವ್ವಾ.

ಫೋನು ಆರಿತು. ಮೂರಕ್ಕೆ ಮೂರೂ ಮನೆ ಉಳಿದವು. ಸೊಂಟಕ್ಕೆ ಸಿಕ್ಕಿಸಿದ 'ಜಗಳದ ಸೆರಗು' ಮಾತ್ರ ಹಾಗೆಯೇ ಇತ್ತು.

ರೇಣುಕಾ: ಡಾಕ್ಟ್ರ, ಒಂದು ಮಾತು. ಈ ರೋಗ ತಾಟಿನಿಂದ ಹತ್ತತೈತೇನ್ರಿ?

ಗಂಗೋತ್ರಿ: ತಾಟು ತೊಳದ್ರ ಆತು. ತಾಟು ದೊಡ್ಡ ಮಾತಲ್ಲ. ಹಾಸಿಗಿ, ಟವಲ್ಲು, ಶಾಲು, ಬಾಚಣಿಗಿ, ಉದುರಿದ ಕೂದಲು, ಇದರಿಂದ ಹತ್ತತೈತಿ.

ರೇಣುಕಾ: ತಾಟು ಬ್ಯಾರೆ ಇಟ್ಟು ಏನೂ ಉಪಯೋಗ ಇಲ್ಲ ಅಂದ್ರಿ.

ಗಂಗೋತ್ರಿ: ತಾಟೊಂದು ಬ್ಯಾರೆ ಇಟ್ಟು, ಉಳಿದಿದ್ದೆಲ್ಲಾ ಒಂದೇ ಇಟ್ಟೀರಿ. ಅದೇ ತಪ್ಪಾಗಿದ್ದು.

ರೇಣುಕಾ: ಇನ್ನೊಂದು ಸರ್ತಿ ಹೇಳ್ರಿ. ಸಾರ ಅವರಿಗೆ ಬರಕೊಳ್ಳಾಕ ಬೇಕಾಗ್ತೈತಿ.

ವಿರೂಪಾಕ್ಷಪ್ಪನವರಿಗೆ ಬರೆದುಕೊಳ್ಳುವ ಮನಸ್ಸಿರಲಿಲ್ಲ. ಅವರು ಮೀಸೆಯನ್ನು ಮುಟ್ಟಲೂ ಆಗದೆ ಬಿಡಲೂ ಆಗದೆ ಕೈಯನ್ನು ಗಾಳಿಯಲ್ಲಿ ಹಿಡಿದಿದ್ದರು.

ವಿರೂಪಾಕ್ಷಪ್ಪ: ಮೀಸಿ ತೆಗೀಬೇಕಾಗ್ತೈತೇನ್ರಿ?

ಗಂಗೋತ್ರಿ: ಬೆಕ್ಕಾಗಿದ್ರ ನಾನೇ ಬೋಳಿಸ್ತಿದ್ದೆ ಸರ್.

ಗುರುಬಸಮ್ಮ: ಮೀಸಿ ಇಲ್ದಂಗ ನನ್ನ ತವರೂರಾಗ ನಿಂದ್ರತೀರೇನು? ಕುರುಗೋಡಿನ ಮಂದಿ ಏನಂತಾರ?

ವಿರೂಪಾಕ್ಷಪ್ಪ: ಮೀಸಿ ಇಟಗೊಂಡು ಹೋದ್ರ ಎಲ್ಲಾರಿಗೂ ಹಂಚಿ ಬರ್ತೀನಿ.

ರೇಣುಕಾ: ಸಮಾನತೆ ಆಗ್ತೈತಿ ಬಿಡ್ರಿ.

ಡಾಕ್ಟರು ಅಡಿಗೆಮನೆಯೊಳಗೆ ಹೋಗಿ ಕರಿಯಾ, ಬಿಳಿಯಾ, ಟಾಮಿಯ ಮೇಲೆ ದೀಪ ಹಿಡಿದು ನೋಡಿ ಬಂದಳು. ಒಂದೂ ಹೊಳೆಯಲಿಲ್ಲ. ಕೂದಲನ್ನು ಪರೀಕ್ಷೆಗೆ ಕಳಿಸುತ್ತೇನೆ ಎಂದು ಚೀಟಿಯಲ್ಲಿ ಕಟ್ಟಿಕೊಂಡಳು. ಕಿಟಕಿಗಳು ತೆರೆದವು.

ಗಂಗೋತ್ರಿ: ಆ ಮೂರೂ ಅಲ್ಲೇ ಇರ್ಲಿ, ಆರು ವಾರ. ಅದೊಂದೇ ಸ್ವಚ್ಛ ಕೋಣಿ. ರೋಗ ಇದ್ದೋರು ಒಳಗ ಹೋಗಬಾರದು, ಅವನ್ನ ಮುಟ್ಟಬಾರದು. ಅಂದ್ರ ನೀವಿಬ್ಬರೂ ಔಷಧಿ ಮುಗಿಯೋ ತನಕಾ ಅಡಿಗಿಮನಿ ಹೊಸ್ತಿಲ ದಾಟಬ್ಯಾಡ್ರಿ.

ಗುರುಬಸಮ್ಮ: ನನ್ನ ಅಡಿಗಿಮನಿಗೆ ನಾನು ಹೋಗಬಾರದು? ಮತ್ತ ಅಡಿಗಿ ಯಾರು ಮಾಡೋರು? ಅವಕ್ಕ ಹಾಲು ಯಾರು ಹಾಕೋರು?

ಗಂಗೋತ್ರಿ: ಮನ್ಯಾಗ ಸ್ವಚ್ಛ ಇರೋರು ಒಬ್ಬರೇ ಅಲ್ರಿ?

ಎಲ್ಲರೂ ರೇಣುಕಾಳನ್ನು ನೋಡಿದರು. ಮಧ್ಯಾಹ್ನದಿಂದ ಎರಡನೆಯ ಸಲ. ಈ ಸಲ ನೋಟದಲ್ಲಿ ಸ್ವಲ್ಪ ಹಸಿವಿತ್ತು.

ರೇಣುಕಾ: ನಾನು ದೂರ ಇದ್ದಿದ್ದಕ್ಕ ಬಚಾವಾದ್ನಿ ಅಂತಾತು. ಅಮ್ಮಾರು ಇಟ್ಟ ದೂರ. ದೊಡ್ಡ ಉಪಕಾರಾತ್ರಿ.

ಗುರುಬಸಮ್ಮ: ಹೋಗು ಮಾರಾಯ್ತಿ. ಒಳಗ ಹೋಗು. ಮೊದಲ ಡಾಕ್ಟ್ರಿಗೆ ಚಹಾ ಮಾಡು.

ರೇಣುಕಾ: ಸಕ್ಕರಿ ಎಲ್ಲೈತಿ, ಚಹಾಪುಡಿ ಎಲ್ಲೈತಿ, ಒಲಿ ಯಾವ ಕಡಿ ಐತಿ ಅಂತ ನನಗ ಗೊತ್ತಿಲ್ಲಲ್ರಿ. ಹನ್ನೊಂದು ವರ್ಷ ಹೊರಗ ಕೂತು ನಾನು ನೋಡಿದ್ದು ನಿಮ್ಮ ಕಾಲು ಅಷ್ಟೇ.

ಗುರುಬಸಮ್ಮ: ಎಡಕ್ಕ ಒಲಿ. ಮ್ಯಾಲಿನ ಹಲಗಿ ಮ್ಯಾಲೆ ಹಸಿರು ಮುಚ್ಚಳದ್ದು ಸಕ್ಕರಿ, ಕೆಂಪು ಮುಚ್ಚಳದ್ದು ಪುಡಿ...

ರೇಣುಕಾ ಹೊಸ್ತಿಲ ಮುಂದೆ ನಿಂತಳು. ವಿಶೇಷವೇನೂ ನಡೆಯಲಿಲ್ಲ. ಗಂಟೆ ಬಾರಿಸಲಿಲ್ಲ, ಗೋಡೆ ಬೀಳಲಿಲ್ಲ. ಬಲಗಾಲೋ ಎಡಗಾಲೋ, ಯಾವುದು ಮುಂದಿತ್ತೋ ಅದನ್ನೇ ಇಟ್ಟು ಒಳಗೆ ಹೋದಳು. ಟಾಮಿ ಬಾಲ ಅಲ್ಲಾಡಿಸಿದ. ಬೆಕ್ಕುಗಳು ಕಾಲಿಗೆ ಬಂದವು. ಒಳಗೆ ಒಂದಿಷ್ಟು ಹೊತ್ತು ಡಬ್ಬಿಗಳ ಸದ್ದು, "ಸಕ್ಕರಿ ಡಬ್ಬ್ಯಾಗ ಗೋಡಂಬಿ ಐತಲ್ರಿ!" ಎಂಬ ಕೂಗು, ಗುರುಬಸಮ್ಮನ "ಅದನ್ನ ಮುಟ್ಟಬ್ಯಾಡ" ಎಂಬ ಅಭ್ಯಾಸದ ಉತ್ತರ, ಮತ್ತೆ ಎರಡು ಗೋಡಂಬಿ ಕಡಿದ ಸದ್ದು.

ಚಹಾ ಬಂತು. ದೇವರ ಹೆಸರು ಕೊರೆಸಿದ ಮನೆಯ ಒಳ್ಳೆಯ ಲೋಟದಲ್ಲಿ ಡಾಕ್ಟರಿಗೆ ಒಂದು. ಅದೇ ಜೋಡಿಯ ಇನ್ನೊಂದು ಲೋಟದಲ್ಲಿ ತನಗೊಂದು. ಕೆನೆ ಎರಡಕ್ಕೂ ಬಿದ್ದಿತ್ತು. ಡಾಕ್ಟರು ಕುರ್ಚಿಯಲ್ಲಿ ಕೂತಳು, ರೇಣುಕಾ ಅಡಿಗೆಮನೆಯ ಒಳಗೆ ಮಣೆ ಹಾಕಿಕೊಂಡು ಕೂತು ಸೊರ್ರನೆ ಒಂದು ಗುಟುಕು ಎಳೆದಳು. ಈ ಮನೆಯ ಚಹಾ ಸುಡುವಷ್ಟು ಬಿಸಿ ಇರುತ್ತದೆಂದು ಅವಳಿಗೆ ಈವತ್ತೇ ಗೊತ್ತಾದದ್ದು. ಅಷ್ಟು ಮೇಲಿಂದ ಸುರಿದರೆ ಅರ್ಧ ಆರಿಯೇ ಬೀಳುತ್ತದೆ.

ವಿರೂಪಾಕ್ಷಪ್ಪ: ನಮಗ?

ರೇಣುಕಾ: ಲೋಟ ತರ್ರಿ ಸಾರ. ಗೂಡಿನ್ಯಾಗ ಒಂದೈತಿ. ಅಮ್ಮಾರಿಗೆ ಅಟ್ಟದ ಮ್ಯಾಲೆ ಹಳೀ ಲೋಟ ಇದ್ರ ನೋಡ್ರಿ.

ಗಂಡ ಹೆಂಡತಿ ಇಬ್ಬರೂ ಲೋಟ ಹಿಡಿದುಕೊಂಡು ಹೊಸ್ತಿಲ ಆಚೆ ಬಂದು ನಿಂತರು. ಗುರುಬಸಮ್ಮ ಕೈ ಮುಂದೆ ಮಾಡಿದಳು.

ರೇಣುಕಾ: ಮುಂದ ತರಬ್ಯಾಡ್ರಿ ಅಮ್ಮಾರ. ಅಲ್ಲೇ ಕೆಳಗ ಹಿಡೀರಿ. ಮ್ಯಾಲಿಂದ ಹಾಕ್ತೀನಿ.

ಗುರುಬಸಮ್ಮ: ಲೋಟದಿಂದ ಹತ್ತಂಗಿಲ್ಲ ಅಂತ ಡಾಕ್ಟ್ರು ಈಗಿನ್ನ ಹೇಳಿದ್ರಲ್ಲಲೇ!

ರೇಣುಕಾ: ರೋಗಕ್ಕಲ್ರಿ. ಇದು ಪದ್ಧತಿ.

ಚಹಾ ಮೇಲಿನಿಂದ ಸಣ್ಣ ಧಾರೆಯಾಗಿ ಇಳಿಯಿತು. ಮೊದಲ ದಿನವಾದ್ದರಿಂದ ಒಂದಿಷ್ಟು ವಿರೂಪಾಕ್ಷಪ್ಪನವರ ಹೆಬ್ಬೆಟ್ಟಿನ ಮೇಲೆ ಬಿತ್ತು. ಅವರು ಅದನ್ನು ಪಂಚೆಗೆ ಒರೆಸಿಕೊಂಡರು.

ವಿರೂಪಾಕ್ಷಪ್ಪ: ಇದು... ಎಷ್ಟು ದಿನ ಹಿಂಗ, ರೇಣುಕಾ?

ರೇಣುಕಾ: ಬೆಕ್ಕಿಗೆ ಆರು ವಾರ ಅಂದಾರ ಸಾರ. ನಿಮ್ಮದು ನೋಡೋಣು.

ಅವಳು ಪಾತ್ರೆಯನ್ನು ಒಲೆಯ ಮೇಲಿಟ್ಟು ಮಣೆಯ ಕಡೆ ತಿರುಗಿದಳು. ಕೂರುವ ಮೊದಲು ಏನೋ ನೆನಪಾಗಿ ಹೊಸ್ತಿಲ ಕಡೆ ನೋಡಿದಳು.

ರೇಣುಕಾ: ಅಮ್ಮಾರ, ಕುಡದ ಮ್ಯಾಲೆ ತೊಳದು ಗೂಡಿನ್ಯಾಗ ಬೋರಲ ಹಾಕ್ರಿ.